ಝಡ್‌ನ ಹೆಂಡತಿ

ನಮ್ಮ ಮನೆಯಲ್ಲಿ ಕ್ರಿಮಿನಲ್ ಕಾನೂನನ್ನು ಮೊದಲು ಉಪಯೋಗಿಸಿದ್ದು ನಾನಲ್ಲ, ನನ್ನ ಗಂಡ. ಕಾಲೇಜಿಗೆ ಹೋಗುತ್ತಿದ್ದವಳು ಮಾತ್ರ ನಾನು.

ಮಗಳು ವರ್ಷಿಣಿ ಮೈಸೂರಿನ ಹಾಸ್ಟೆಲ್ ಸೇರಿದ ವರ್ಷ, ನಲವತ್ಮೂರನೆಯ ವಯಸ್ಸಿನಲ್ಲಿ, ನಾನು ತಿಪಟೂರಿನಲ್ಲಿ ಎಲ್‌ಎಲ್‌ಬಿಗೆ ಸೇರಿದೆ. ಮದುವೆಗೆ ಮುಂಚೆಯೇ ಬಿ.ಎ. ಮುಗಿಸಿದ್ದೆ, ಅದರ ಸರ್ಟಿಫಿಕೇಟು ಬೀರುವಿನಲ್ಲಿ ಧಾರೆಸೀರೆಯ ಕೆಳಗೆ ಮಲಗಿತ್ತು. ಗಂಡ ಮಲ್ಲೇಶ್ ಬೇಡ ಅನ್ನಲಿಲ್ಲ. ತೋಟದ ಬದುವಿನ ವಿಚಾರದಲ್ಲಿ ದಾಯಾದಿಗಳ ಜೊತೆ ಅವರದೊಂದು ಹಳೆಯ ಕೇಸಿತ್ತು. "ಮನೇಲೇ ಒಬ್ಳು ಲಾಯರ್ ಇರ್ಲಿ ಬುಡ್ರಲಾ, ಕಂಡೋರ ಆಫೀಸಲ್ಲಿ ಬೆಂಚು ಸವೆಸೋದು ತಪ್ತದೆ" ಎಂದು ಕೊಬ್ಬರಿ ಮಾರುಕಟ್ಟೆಯಲ್ಲಿ ಗೆಳೆಯರ ಮುಂದೆ ನಗುತ್ತಿದ್ದರಂತೆ. ನನಗೆ ಅಷ್ಟೇ ಸಾಕಿತ್ತು. ಹೊನ್ನವಳ್ಳಿಯಿಂದ ಬೆಳಗಿನ ಬಸ್ಸು ಹತ್ತುವಾಗ ಬ್ಯಾಗಿನ ಭಾರಕ್ಕೆ ಹೆಗಲು ಒಂದು ಕಡೆ ಇಳಿಯುತ್ತಿತ್ತು. ಆ ನೋವೂ ಚೆನ್ನಾಗಿತ್ತು.

ನನಗೆ ಜೋರಾಗಿ ಓದಿದರೇ ತಲೆಗೆ ಹತ್ತುವುದು. ಮುದ್ದೆ ತಿರುವುತ್ತಾ, ಪಾತ್ರೆ ತೊಳೆಯುತ್ತಾ ಕಲಂಗಳನ್ನು ಹೇಳಿಕೊಳ್ಳುತ್ತಿದ್ದೆ. ಮಲ್ಲೇಶ್ ಪಡಸಾಲೆಯಲ್ಲಿ ಕೂತು ಫೋನು ನೋಡುತ್ತಿರುತ್ತಿದ್ದರು. ಕೊಲೆಯ ಅಧ್ಯಾಯ ಮುಗಿಯಿತು, ಹಲ್ಲೆಯ ಅಧ್ಯಾಯ ಮುಗಿಯಿತು, ಅವರು ತಲೆ ಎತ್ತಲಿಲ್ಲ. ಕಳವಿನ ಅಧ್ಯಾಯ ಬಂದಾಗ ಎದ್ದು ಬಂದು ಅಡುಗೆಮನೆ ಬಾಗಿಲಲ್ಲಿ ನಿಂತರು.

"ಇನ್ನೊಂದ್ಸಲ ಓದು."

ಓದಿದೆ. ಇನ್ನೊಬ್ಬರ ಸ್ವಾಧೀನದಲ್ಲಿರುವ ವಸ್ತುವನ್ನು, ಅವರ ಒಪ್ಪಿಗೆ ಇಲ್ಲದೆ, ಅಪ್ರಾಮಾಣಿಕವಾಗಿ ತೆಗೆದುಕೊಳ್ಳುವ ಉದ್ದೇಶದಿಂದ ಜರುಗಿಸಿದರೆ ಅದು ಕಳವು.

"ಜರುಗ್ಸಿದ್ರೆ ಸಾಕಾ? ಮನೆಗೆ ತಗಂಡೋಗ್ಬೇಕು ಅಂತಿಲ್ವಾ?"

"ಇಲ್ಲ ರೀ. ಇದ್ದ ಜಾಗದಿಂದ ಅಲುಗಿಸಿದ್ರೂ ಆಯ್ತು."

"ಕಲಂ ಎಷ್ಟು?"

"ಹಳೇದ್ರಲ್ಲಿ ಮುನ್ನೂರ ಎಪ್ಪತ್ತೆಂಟು. ಹೊಸ ಸಂಹಿತೇಲಿ ಮುನ್ನೂರ ಮೂರು."

"ಮುನ್ನೂರ ಮೂರು" ಎಂದು ಅವರು ಬಾಯಲ್ಲಿ ಇಟ್ಟುಕೊಂಡು ರುಚಿ ನೋಡಿದರು.

ಅವರಿಗೆ ಅದು ಇಷ್ಟವಾಗಲು ಕಾರಣವಿತ್ತು. ಆ ವರ್ಷ ಕೊಬ್ಬರಿ ಬೆಲೆ ನಾವ್ಯಾರೂ ಕಾಣದಷ್ಟು ಏರಿತ್ತು. ಬಲಿತ ಕಾಯನ್ನು ವರ್ಷಗಟ್ಟಲೆ ಅಟ್ಟದ ಮೇಲೆ ಬಿಟ್ಟರೆ ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು, ಉಂಡೆ ಕೊಬ್ಬರಿಯಾಗುತ್ತದೆ, ಅದೇ ಗಿಟುಕು. ನಮ್ಮ ಕಡೆಯ ಮನೆಗಳೆಲ್ಲ ಹೀಗೆ ತಲೆಯ ಮೇಲೆ ಐಶ್ವರ್ಯ ಹೊತ್ತುಕೊಂಡೇ ಮಲಗುತ್ತವೆ. ಮೊದಲು ಅಟ್ಟಕ್ಕೆ ಬೀಗವೂ ಇರಲಿಲ್ಲ. ಈಗ ತೋಟಗಳಲ್ಲಿ ಎಳನೀರು ಮಾಯವಾಗುತ್ತಿತ್ತು, ಪಕ್ಕದೂರಿನಲ್ಲಿ ಯಾರದೋ ಅಟ್ಟ ಬರಿದಾಗಿತ್ತು. ಮಲ್ಲೇಶ್ ಪಡಸಾಲೆಯ ಸೂರಿಗೆ ಒಂದು ಕ್ಯಾಮೆರಾ ಹಾಕಿಸಿದರು. ಅದಕ್ಕೆ ಅಟ್ಟದ ಏಣಿ, ಪಡಸಾಲೆ, ಅಂಗಳ ಎಲ್ಲ ಕಾಣುತ್ತಿತ್ತು. ಎಲ್ಲೇ ಇದ್ದರೂ ಫೋನಿನಲ್ಲಿ ಮನೆ ನೋಡುತ್ತಿದ್ದರು. ನಾನು ಅಂಗಳ ಗುಡಿಸುವಾಗ ಸೆರಗು ಸರಿಮಾಡಿಕೊಳ್ಳುವುದನ್ನು ಕಲಿತೆ.

ಕಳವಿನ ಪಾಠವನ್ನು ಕಾಲೇಜಿನಲ್ಲಿ ಮಾಡಿದವರು ಏಕಾಂತಯ್ಯ ಮೇಷ್ಟ್ರು. ನನಗಿಂತ ಸ್ವಲ್ಪ ದೊಡ್ಡವರು, ನನ್ನನ್ನು ಮಾತ್ರ ಅಮ್ಮ ಎನ್ನುತ್ತಿದ್ದರು. ಕಾನೂನಿನ ಪುಸ್ತಕದಲ್ಲಿ ಪ್ರತಿ ಕಲಮಿಗೂ ಉದಾಹರಣೆಗಳಿರುತ್ತವೆ. ಅದರೊಳಗಿನ ಜನಕ್ಕೆ ಹೆಸರಿರುವುದಿಲ್ಲ, ಎ, ಬಿ, ಝಡ್ ಎಂಬ ಅಕ್ಷರಗಳಿರುತ್ತವೆ.

"ಎ ಅನ್ನೋನು ಝಡ್‌ನ ಹೆಂಡತಿ ಹತ್ರ ಭಿಕ್ಷೆ ಕೇಳ್ತಾನೆ. ಆಯಮ್ಮ ಊಟ, ಬಟ್ಟೆ, ದುಡ್ಡು ಕೊಡ್ತಾಳೆ. ಅದೆಲ್ಲ ಗಂಡನ್ದು ಅಂತ ಇವನಿಗೆ ಗೊತ್ತು. ಇದು ಕಳವೇನ್ರಯ್ಯಾ?"

"ಝಡ್ ಮನೆಗೆ ಬಂದ್ಮೇಲೆ ಗೊತ್ತಾಯ್ತದೆ ಸಾರ್" ಎಂದ ಹಿಂದಿನ ಬೆಂಚಿನ ಜ್ಞಾನೇಶ್. ಕ್ಲಾಸು ನಕ್ಕಿತು.

"ಕಳವಲ್ಲ. ಮನೆಯೊಡತಿಗೆ ದಾನ ಮಾಡೋ ಅಧಿಕಾರ ಇದೆ ಅಂತ ಅವನು ನಂಬಿದ್ದ. ಕಳ್ಳ ಮನಸ್ಸು ಇಲ್ದಿದ್ರೆ ಕಳವಿಲ್ಲ. ಅಪರಾಧ ಅನ್ನೋದು ಕೈಯಲ್ಲಿ ಅರ್ಧ, ಮನಸ್ಸಲ್ಲಿ ಅರ್ಧ. ಬರ್ಕಳಿ."

ನಾನು ಬರೆದುಕೊಳ್ಳದೆ ಕೈ ಎತ್ತಿದೆ. "ಸಾರ್, ಬೇಡಿದವನಿಗೆ ಎ ಅಂತ ಅಕ್ಷರ ಇದೆ, ಗಂಡನಿಗೆ ಝಡ್ ಅಂತ ಇದೆ. ಆಯಮ್ಮನಿಗೆ ಯಾಕೆ ಒಂದೂ ಇಲ್ಲ?"

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಒಳ್ಳೇ ಪ್ರಶ್ನೆ ಕಣಮ್ಮ. ಪರೀಕ್ಷೆಗೆ ಬರಲ್ಲ."

ನಾನೂ ನಕ್ಕೆ.

ನಮ್ಮ ಮನೆಗೆ ಕೊಬ್ಬರಿ ಒಡೆಯಲು ಬರುತ್ತಿದ್ದವಳು ನಾಗಕ್ಕ, ಊರಾಚೆಯ ಗೊಲ್ಲರಹಟ್ಟಿಯವಳು. ನಾನು ಸೊಸೆಯಾಗಿ ಬಂದ ವರ್ಷ ಅವಳು ಕಂಕುಳಲ್ಲಿ ಕೂಸು ಇಟ್ಟುಕೊಂಡು ಬಂದಿದ್ದಳು. ಮಚ್ಚಿನ ಹಿಂಬದಿಯಿಂದ ಚಿಪ್ಪಿಗೆ ಅವಳು ಕೊಡುವ ಪೆಟ್ಟಿಗೆ ಗಿಟುಕು ಒಂದು ಗೀರೂ ಇಲ್ಲದೆ ಇಡಿಯಾಗಿ ಹೊರಗೆ ಉರುಳುತ್ತಿತ್ತು. ಆ ಕೂಸು ವನಜಾ ಬೆಳೆದು, ಬೋರನಕಣಿವೆ ಹತ್ತಿರದ ಒಂದು ಹಟ್ಟಿಯ ಚಿತ್ತೇಶನಿಗೆ ಹೆಂಡತಿಯಾಗಿ, ಈಗ ತುಂಬು ಬಸುರಿಯಾಗಿದ್ದಳು. ನಾಲ್ಕು ದಿನಕ್ಕೆಂದು ತವರಿಗೆ ಬಂದವಳು ಗಂಡನ ಮನೆಗೆ ಹೊರಡುವ ಬೆಳಿಗ್ಗೆ ತಾಯಿಯ ಜೊತೆ ನಮ್ಮ ಮನೆಗೆ ಬಂದಳು.

"ಹೋಗ್ಬತ್ತೀನಿ ಅಮ್ಮಾರೆ. ಹುಳಿಯಾರು ಬಸ್ಸಿಗೆ ಹೋಯ್ತಾ ಇದೀನಿ."

ನಮ್ಮ ಕಡೆ ಬಸುರಿ ಹೆಂಗಸನ್ನು ಬರಿಯ ಮಡಿಲಲ್ಲಿ ಹೊಸಿಲು ದಾಟಿಸುವುದಿಲ್ಲ. ಅಕ್ಕಿ, ಬೆಲ್ಲ, ಎಲೆಅಡಿಕೆ, ರವಿಕೆ ಕಣ, ಗಿಟುಕು ಇಟ್ಟು ಮಡಿಲು ತುಂಬಿ ಸೆರಗು ಗಂಟು ಹಾಕುತ್ತೇವೆ. ಆ ಗಂಟನ್ನು ಅವಳು ಹೋಗಿ ತನ್ನ ಮನೆಯ ದೇವರ ಮುಂದೆಯೇ ಬಿಚ್ಚಬೇಕು. ದಾರಿಯಲ್ಲಿ ಸಡಿಲವಾದರೂ ಹೆಂಗಸರ ಎದೆ ಧಸಕ್ಕೆನ್ನುತ್ತದೆ. ಮಡಿಲು ತುಂಬಲು ಗಂಡಸರನ್ನು ಯಾರೂ ಕೇಳುವುದಿಲ್ಲ. ಒಲೆ ಹಚ್ಚಲು ಯಾರಾದರೂ ಅಪ್ಪಣೆ ಕೇಳುತ್ತಾರೆಯೇ?

ಅತ್ತೆ ಗುರುಶಾಂತಮ್ಮ ಅರಿಸಿನ ಕುಂಕುಮದ ಬಟ್ಟಲು ತಂದುಕೊಟ್ಟರು. ನಾನು ಉಗ್ರಾಣದ ಬುಟ್ಟಿಯಿಂದ ಒಳ್ಳೆಯ ಗಿಟುಕು ಆರಿಸಿಕೊಂಡು ಬಂದು ನಡುಮನೆಯಲ್ಲಿ ಮಣೆ ಹಾಕಿದೆ.

"ಪಡಸಾಲೇಲಿ ಹಾಕು ಸುವರ್ಣಾ" ಎಂದರು ಅತ್ತೆ. "ಅಲ್ಲಿ ಗಾಳಿ ಬತ್ತದೆ."

ಯಾವ ಗಾಳಿ ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಹಟ್ಟಿಯವರು ನಮ್ಮ ನಡುಮನೆಗೆ ಬಂದು ಕೂರುವ ರೂಢಿ ಇರಲಿಲ್ಲ. ನಾಗಕ್ಕನೇ, "ಬ್ಯಾಡಿ ಅಮ್ಮಾರೆ, ಇಲ್ಲೇ ಆಯ್ತದೆ ಬುಡಿ" ಎಂದು ಪಡಸಾಲೆಯ ಕಂಬ ಹಿಡಿದುಕೊಂಡಳು. ನನಗೆ ಅದೇನು ಛಲ ಬಂತೋ. ಕಾಲೇಜಿನ ಗಾಳಿ ಇರಬೇಕು. "ಬಸುರಿ ಹೆಂಗಸು ದೇವರ ಮುಂದೆ ಕೂರ್ಲಿ ಅತ್ತೆ" ಎಂದು ವನಜಾಳ ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ ಮಣೆಯ ಮೇಲೆ ಕೂರಿಸಿದೆ. ನಾಗಕ್ಕ ಅಳುಕುತ್ತಾ ಹಿಂದೆ ಬಂದಳು. ಅವಳ ಮಡಿಲು ಬೆಚ್ಚಗಿತ್ತು. ಗಿಟುಕು ಇಡುವಾಗ ಒಳಗಿನ ಕೂಸು ಒದೆಯಿತು. ನನ್ನ ಬೆರಳಿಗೆ ಗೊತ್ತಾಯಿತು. ಮೂವರೂ ನಕ್ಕೆವು. ಅತ್ತೆ ನಗಲಿಲ್ಲ, ಆದರೆ ಕುಂಕುಮ ಅವರೇ ಇಟ್ಟರು. ಸೆರಗಿನ ಗಂಟನ್ನು ನಾನೇ ಬಿಗಿಯಾಗಿ ಹಾಕಿದೆ.

ನನ್ನ ಕಾಲೇಜಿನ ಬಸ್ಸಿಗೆ ಹೊತ್ತಾಗಿತ್ತು. "ಉಂಡು ಹೋಗ್ರವ್ವಾ" ಎಂದು ಹೇಳಿ ನಾನು ಓಡಿದೆ.

ಸಂಜೆ ಊರಲ್ಲಿ ಇಳಿದಾಗ ಬಸ್ ಸ್ಟಾಪಿನ ಪಕ್ಕ ಪೆಟ್ಟಿಗೆ ಅಂಗಡಿ ಇಟ್ಟುಕೊಂಡಿರುವ ಕೊಲ್ಲಾಪುರಮ್ಮ ನನಗೇ ಕಾದಿದ್ದವಳಂತೆ ಹೊರಗೆ ಬಂದಳು. ನೆಲದ ಮೇಲೆ ಅಕ್ಕಿ ಚೆಲ್ಲಿತ್ತು. ಕೋಳಿಗಳು ಆರಿಸುತ್ತಿದ್ದವು.

"ನಿಮ್ಮನೇಲಿ ಕಳ್ತನ ಮಾಡಿ ಸಿಕ್ಕಾಕ್ಕಂಡ್ರಲ್ಲಮ್ಮಾ ತಾಯಿ ಮಗಳು! ಯಜಮಾನ್ರು ಗಾಡೀಲಿ ಬಂದೋರೇ ಬಸ್ಸು ಹತ್ತಾಕೆ ಬುಡ್ಲಿಲ್ಲ. 'ಬಿಚ್ಚು ಸೆರಗು' ಅಂದ್ರು. ಆ ಹುಡುಗಿ ಹೊಟ್ಟೆ ಹಿಡ್ಕಂಡು ಗಳಗಳ ಅಳ್ತದೆ, ಬಿಚ್ಚಾಕಿಲ್ಲ ಅಂತದೆ. ಆಮ್ಯಾಕೆ ಬಿಚ್ಚಿದ್ಲು. ನೋಡಿದ್ರೆ ಒಳಗೆ ಇಷ್ಟಿಷ್ಟು ದಪ್ಪ ಗಿಟುಕು! ಬಸ್ಸಿಗೆ ಬಸ್ಸೇ ನೋಡ್ತು ಕಣಮ್ಮಾ."

ಮನೆಗೆ ಹೇಗೆ ನಡೆದೆನೋ ನೆನಪಿಲ್ಲ.

ಮಲ್ಲೇಶ್ ಪಡಸಾಲೆಯ ಮಂಚದ ಮೇಲೆ ಕೂತಿದ್ದರು. ಗಿಟುಕುಗಳನ್ನು ಪಕ್ಕದಲ್ಲಿ ಸಾಲಾಗಿ ಇಟ್ಟುಕೊಂಡಿದ್ದರು. ನನ್ನನ್ನು ನೋಡಿದ ಕೂಡಲೇ ಮುಖ ಅರಳಿತು. ಅಂದು ಹರಾಜಿನ ದಿನ. ಮಾರುಕಟ್ಟೆಯಲ್ಲಿ ಕೂತು ಫೋನು ತೆಗೆದರೆ, ನಾನು ಅಂಗಳ ದಾಟಿ ಹೋದ ಮೇಲೆ ತಾಯಿ ಮಗಳು ನಡುಮನೆಯಿಂದ ಹೊರಗೆ ಬರುತ್ತಿದ್ದಾರೆ, ಮಗಳ ಸೆರಗು ಉಬ್ಬಿದೆ. ವ್ಯಾಪಾರ ಬಿಟ್ಟು ಬೈಕು ಹತ್ತಿದೆ ಎಂದರು. ಬಸ್ಸು ತಡವಾಗಿದ್ದು ತಮ್ಮ ಪುಣ್ಯ ಎಂದರು.

"ಜರುಗ್ಸಿದ್ರೆ ಸಾಕು ಅಂದಿದ್ಯಲ್ಲ ನೀನು, ಇವರು ಬಸ್ ಸ್ಟಾಪಿನ ತನಕ ಜರುಗ್ಸವ್ರೆ. ಮುನ್ನೂರ ಮೂರು!"

"ನಾನು ಕೊಟ್ಟಿದ್ದು ರೀ" ಎಂದೆ. "ಮಡಿಲು ತುಂಬಿದೆ. ಬೆಳಿಗ್ಗೆ, ದೇವರ ಮುಂದೆ."

ಅವರ ಮುಖದಲ್ಲಿ ಅರಳಿದ್ದು ಮೆಲ್ಲಗೆ ಮುಚ್ಚಿಕೊಂಡಿತು. ನಾನು ಕಾದೆ. ಅಯ್ಯೋ ಅನ್ನುತ್ತಾರೆ, ಬೈಕು ತೆಗೆಯುತ್ತಾರೆ, ಇಬ್ಬರೂ ಹಟ್ಟಿಗೆ ಹೋಗುತ್ತೇವೆ ಎಂದುಕೊಂಡೆ. ಇಪ್ಪತ್ತು ವರ್ಷ ಜೊತೆಗೆ ಬಾಳಿದವಳಿಗೆ ಇಷ್ಟೂ ನಂಬಿಕೆ ಇರಬಾರದೇ?

ಅವರು ಒಂದು ಗಿಟುಕನ್ನು ಕೈಯಲ್ಲಿ ತಿರುಗಿಸಿ, ಮತ್ತೆ ಸಾಲಿನಲ್ಲಿ ಇಟ್ಟರು. ಆಮೇಲೆ, "ನೀನು ಕೊಟ್ಟಿಲ್ಲ" ಎಂದರು.

"ಏನಂದ್ರಿ?"

"ಕೊಟ್ಟಿಲ್ಲ ಅಂದೆ. ನಾಳೆ ಬೆಳಿಗ್ಗೆ ದೊಡ್ಡಪ್ಪ ಬತ್ತಾರೆ. ಹಟ್ಟಿಯೋರೂ ಬತ್ತಾರೆ. ನೀನು ಬಾಯಿ ಹಾಕ್ಬೇಡ."

ಒಂದು ಫೋನು ಮಾಡಿ ನನ್ನನ್ನು ಕೇಳಬಹುದಿತ್ತು ಎಂದು ನನಗೆ ಆಮೇಲೆ ಹೊಳೆಯಿತು. ಕೇಳಬೇಕು ಎಂದು ಅವರಿಗೆ ಆಗಲೂ ಹೊಳೆದಿರಲಿಲ್ಲ, ಈಗಲೂ ಹೊಳೆದಿಲ್ಲ. ಇನ್ನೊಂದೂ ಹೊಳೆಯಿತು. ಅತ್ತೆಯ ಮಾತಿನಂತೆ ಪಡಸಾಲೆಯಲ್ಲೇ ಮಣೆ ಹಾಕಿದ್ದರೆ, ನಾನು ಮಡಿಲು ತುಂಬುವುದನ್ನು ಕ್ಯಾಮೆರಾ ಆದಿಯಿಂದ ಅಂತ್ಯದವರೆಗೆ ನೋಡುತ್ತಿತ್ತು. ವನಜಾಳಿಗೆ ಮರ್ಯಾದೆ ಕೊಡಲು ಹೋಗಿ ನಾನು ಅವಳನ್ನು ಸಾಕ್ಷಿಯಿಲ್ಲದ ಜಾಗದಲ್ಲಿ ಕೂರಿಸಿದ್ದೆ.

ಬೆಳಿಗ್ಗೆ ದೊಡ್ಡಪ್ಪ ಮರುಳಸಿದ್ದಯ್ಯ ಬಂದು ಪಡಸಾಲೆಯ ಕುರ್ಚಿಯಲ್ಲಿ ಕೂತರು. ಊರಿನಲ್ಲಿ ಪೊಲೀಸಿನ ತನಕ ಹೋಗದ ಜಗಳಗಳೆಲ್ಲ ಅವರ ಮುಂದೆಯೇ ಮುಗಿಯುವುದು. ಹಟ್ಟಿಯ ಹಿರಿಯ ಜುಂಜಯ್ಯ ನಾಗಕ್ಕನನ್ನು ಕರೆದುಕೊಂಡು ಬಂದು ಅಂಗಳದಲ್ಲಿ ನಿಂತ. ವನಜಾಳನ್ನು ಹಿಂದಿನ ದಿನವೇ ಸಂಜೆ ಬಸ್ಸಿಗೆ ಹತ್ತಿಸಿ ಕಳಿಸಿದ್ದರಂತೆ. ಬರಿಯ ಮಡಿಲಲ್ಲಿ.

"ಹೇಳಪ್ಪ ಮಲ್ಲೇಶ" ಎಂದರು ದೊಡ್ಡಪ್ಪ.

ನನ್ನ ಗಂಡ ಫೋನು ತೋರಿಸಿದರು, ನಾನು ಮನೆ ಬಿಟ್ಟಲ್ಲಿಂದ ಮಾತ್ರ. ದೊಡ್ಡಪ್ಪ ಕಣ್ಣು ಕಿರಿದು ಮಾಡಿ ನೋಡಿದರು. ಪುಟ್ಟ ಪರದೆಯ ಮೇಲೆ ನಾನು ಓಡುತ್ತಿದ್ದೆ, ಬ್ಯಾಗು ಹೆಗಲಿಗೆ ಏರಿಸಿಕೊಳ್ಳುತ್ತಾ.

"ನಾನೇ ಕೊಟ್ಟಿದ್ದು ದೊಡ್ಡಪ್ಪಾ" ಎಂದೆ ಬಾಗಿಲಿನಿಂದ.

ಮಲ್ಲೇಶ್ ತಿರುಗಲಿಲ್ಲ. "ಅವಳದು ಕರುಳು ಮೆತ್ತಗೆ. ಯಾರು ಅತ್ರೂ ನಾನೇ ಕೊಟ್ಟೆ ಅಂತಾಳೆ."

"ಕರುಳಿನ ಮಾತಲ್ಲ ಇದು. ಒಪ್ಪಿಗೆ ಇದ್ರೆ ಕಳವಿಲ್ಲ. ಕೊಟ್ಟೋಳು ನಾನು. ನನಗೆ ಕೊಡೋ ಅಧಿಕಾರ ಇದೆ ಅಂತ ಅವರು ನಂಬಿದ್ರು. ಅಷ್ಟೇ ಕಾನೂನು."

"ಯಾರ ಒಪ್ಪಿಗೆ?" ಈಗ ಅವರು ತಿರುಗಿದರು. "ನನ್ನ ಕೇಳಿದ್ಯಾ?"

"ಮಡಿಲು ತುಂಬಕ್ಕೆ ಯಾವ ಮನೇಲಿ ಗಂಡಸರನ್ನ ಕೇಳ್ತಾರೆ?"

ದೊಡ್ಡಪ್ಪ ಕೈ ಎತ್ತಿದರು. "ತಾಳವ್ವ. ನೀನು ಓದಿದೋಳು, ನಿನ್ನ ಮಾತೂ ಕೇಳಾನ. ಕೊಡೋದನ್ನ ಯಾರಾದ್ರೂ ನೋಡವ್ರಾ?"

"ಅತ್ತೆ ನೋಡಿದ್ದಾರೆ. ಕುಂಕುಮ ಇಟ್ಟಿದ್ದೇ ಅವರು."

ಎಲ್ಲರೂ ಅತ್ತೆಯ ಕಡೆ ನೋಡಿದರು. ಕಂಬಕ್ಕೆ ಒರಗಿ ಕೂತಿದ್ದ ಗುರುಶಾಂತಮ್ಮ ಮೊದಲು ಮಗನ ಮುಖ ನೋಡಿದರು, ಆಮೇಲೆ ಸೆರಗಿನ ಅಂಚು ನೋಡಿದರು.

"ನನ್ಗೆ ಕಣ್ಣು ಮಂಜು ಕಣಪ್ಪ" ಎಂದರು. "ಯಾರು ಬತ್ತಾರೆ, ಯಾರು ಹೋಯ್ತಾರೆ, ಎಲ್ಲಿ ಗೊತ್ತಾಯ್ತದೆ."

ಅಕ್ಕಿಯಲ್ಲಿ ಕಲ್ಲು ಹುಡುಕುವ ಕಣ್ಣು ಅವರದು.

ಮಲ್ಲೇಶ್ ಜುಂಜಯ್ಯನ ಕಡೆ ತಿರುಗಿದರು. ದನಿ ಬಹಳ ಮೃದುವಾಗಿತ್ತು. "ನೋಡು ಜುಂಜಯ್ಯ, ನಂಗೇನು ಸ್ಟೇಷನ್ನಿಗೆ ಹೋಗೋ ಆಸೆ ಇಲ್ಲ. ಹೋದ್ರೆ ಮೊದಲ ಹೆಸರು ಮಗಳದೇ ಬರೋದು. ಮಾಲು ಸಿಕ್ಕಿದ್ದು ಅವಳ ಹತ್ರ. ಬಸುರಿ ಹುಡುಗಿ, ಬೋರನಕಣಿವೆ ತಂಕ ಪೊಲೀಸ್ನೋರು ಹೋಗಿ ಅವಳ ಅತ್ತೆ ಮನೆ ಬಾಗಿಲು ತಟ್ತಾರೆ. ಅದೆಲ್ಲ ಬೇಕಾ?"

ಯಾರ ಹತ್ತಿರ ಮಾಲು ಸಿಗುತ್ತದೋ ಅವರನ್ನೇ ಮೊದಲು ಶಂಕಿಸುತ್ತಾರೆ ಎಂದು ಸಾರಿಗೆ ಒಗ್ಗರಣೆ ಹಾಕುತ್ತಾ ನಾನೇ ಓದಿಕೊಂಡಿದ್ದೆ. ಅವರು ಒಂದಕ್ಷರವನ್ನೂ ಮರೆತಿರಲಿಲ್ಲ.

ನಾಗಕ್ಕ ಅಲ್ಲಿಯವರೆಗೂ ನೆಲ ನೋಡುತ್ತಿದ್ದಳು. ಈಗ ತಲೆ ಎತ್ತಿದಳು. ನನ್ನನ್ನು ನೋಡಲಿಲ್ಲ.

"ನಾನೇ ತಗಂಡೆ ಬುದ್ಧಿ. ಮಗಳಿಗೆ ಗೊತ್ತಿಲ್ಲ. ನಾನೇ ಅವಳ ಸೆರಗಿಗೆ ಕಟ್ದೆ."

"ನಾಗಕ್ಕಾ!" ಎಂದೆ. "ಯಾಕೆ ಸುಳ್ಳು ಹೇಳ್ತೀಯ?"

"ಸುಳ್ಳಲ್ಲ ಅಮ್ಮಾರೆ. ನಂದು ತಪ್ಪಾಯ್ತು." ಅವಳು ಮಲ್ಲೇಶ್ ಕಡೆ ತಿರುಗಿ ಕೈ ಮುಗಿದಳು. ಆಮೇಲೆ ದೊಡ್ಡಪ್ಪನಿಗೆ. ಆಮೇಲೆ, ದೇವರೇ, ನನಗೂ.

ಪೊಲೀಸರ ಮುಂದೆ ತಪ್ಪು ಒಪ್ಪಿಕೊಂಡರೆ ಕೋರ್ಟಿನಲ್ಲಿ ಅದಕ್ಕೆ ಬೆಲೆಯಿಲ್ಲ ಎಂದು ಏಕಾಂತಯ್ಯ ಮೇಷ್ಟ್ರು ಪಾಠ ಮಾಡಿದ್ದರು. ಹೆದರಿದವರು ಏನು ಬೇಕಾದರೂ ಒಪ್ಪಿಕೊಳ್ಳುತ್ತಾರೆ, ಅದಕ್ಕೇ ಎಂದಿದ್ದರು. ದೊಡ್ಡಪ್ಪನ ಕುರ್ಚಿಯ ಮುಂದೆ ಒಪ್ಪಿಕೊಂಡರೆ ಏನು ಎಂಬುದು ಯಾವ ಪುಸ್ತಕದಲ್ಲೂ ಇರಲಿಲ್ಲ.

"ಹೋಗ್ಲಿ ಬುಡು" ಎಂದರು ನನ್ನ ಗಂಡ, ಇಡೀ ಅಂಗಳಕ್ಕೆ ಕೇಳುವಂತೆ. "ಒಪ್ಕಂಡ್ಲಲ್ಲ, ಸಾಕು. ಇಷ್ಟು ವರ್ಷ ದುಡಿದವ್ಳೆ. ನಾನು ಕ್ಷಮಿಸ್ಬುಟ್ಟೆ."

ಜುಂಜಯ್ಯ ಕೂಡ, "ದೊಡ್ಡೋರು ನೀವು" ಎಂದ.

ಅವರೆಲ್ಲ ಹೋದ ಮೇಲೆ ನಾನು ಅಡುಗೆಮನೆಯಲ್ಲಿ ಅತ್ತೆಯ ಎದುರಿಗೆ ನಿಂತೆ. ಅವರು ಬೆಳ್ಳುಳ್ಳಿ ಸುಲಿಯುತ್ತಿದ್ದರು.

"ಯಾಕತ್ತೆ?"

"ಯಾಕೆ ಅಂತ ನೀನು ಕೇಳ್ಬೇಕಾ?" ಅವರ ಬೆರಳು ನಿಲ್ಲಲಿಲ್ಲ. "ನೀನು ಕೊಟ್ಟೆ ಅಂತ ಆದ್ರೆ, ನನ್ ಮಗ ಏನಾದ? ತನ್ನ ಮನೇಲೇ ತುಂಬಿದ ಮಡಿಲನ್ನ, ಬಸುರಿ ಹೆಂಗಸಿನ್ದು, ನಡುಬೀದೀಲಿ ಬಿಚ್ಚಿಸ್ದೋನಾದ. ಅಂಥ ಮನೆಗೆ ನಾಳೆ ಯಾವ ಹೆಂಗಸು ಅರಿಸಿನ ಕುಂಕುಮಕ್ಕೆ ಬತ್ತಾಳೆ? ವರ್ಷಿಣೀನ ಯಾರು ಮನೆ ತುಂಬಿಸ್ಕತಾರೆ? ಕಳ್ಳೀದು ಬಿಚ್ಚಿಸ್ದ ಅಂದ್ರೆ ಮುಗೀತು. ಒಬ್ರು ಕೆಟ್ಟೋರು ಆಗ್ಲೇಬೇಕಿತ್ತು ಕಣೇ. ಅವಳು ಆದ್ಲು."

"ಅವಳು ಯಾಕಾಗ್ಬೇಕು?"

"ಮತ್ತಿನ್ಯಾರು, ನೀನಾಗ್ತೀಯಾ?"

"ಆಗ್ತೀನಿ."

"ಆಗಕ್ಕೆ ಬುಡಲ್ಲ ಯಾರೂ" ಎಂದರು ಅತ್ತೆ. ಮೊದಲ ಸಲ ನನ್ನ ಮುಖ ನೋಡಿ ಹೇಳಿದರು. ಅವರ ಕಣ್ಣು ಮಂಜಾಗಿಯೇ ಇತ್ತು, ಆದರೆ ವಯಸ್ಸಿನಿಂದಲ್ಲ. ಅವರನ್ನು ದ್ವೇಷಿಸುವುದು ಎಷ್ಟು ಸುಲಭವಾಗಿತ್ತು ಆ ಕ್ಷಣದವರೆಗೆ.

ಆ ಮಧ್ಯಾಹ್ನ 'ಲೈಬ್ರರಿ' ಎಂದು ಹೇಳಿ ಮನೆ ಬಿಟ್ಟವಳು ಹಟ್ಟಿಗೆ ನಡೆದೆ. ನಾಗಕ್ಕ ಕುರಿರೊಪ್ಪದ ಬೇಲಿಗೆ ಮುಳ್ಳು ಜೋಡಿಸುತ್ತಿದ್ದಳು. ಕೂರು ಎನ್ನಲಿಲ್ಲ. ನಾನು ನಿಂತೇ ಹೇಳಿದೆ: ದಾರಿಯಲ್ಲಿ ಹೋಗುವವರನ್ನು ಅಡ್ಡಗಟ್ಟುವುದು ಅಪರಾಧ, ಹೆಂಗಸಿಗೆ ಜನರ ಮುಂದೆ ಅವಮಾನ ಮಾಡುವುದು ಅಪರಾಧ, ನೀನು ಕಂಪ್ಲೇಂಟ್ ಕೊಡು, ನಾನು ಸಾಕ್ಷಿ ಹೇಳುತ್ತೇನೆ, ನನ್ನ ಗಂಡನ ವಿರುದ್ಧವೇ ಹೇಳುತ್ತೇನೆ. ಹೇಳುತ್ತಾ ಹೇಳುತ್ತಾ ನನ್ನ ದನಿಯಲ್ಲಿ ಒಂದು ಹುರುಪು ಬಂತು.

ನಾಗಕ್ಕ ಮುಳ್ಳು ಕೆಳಗಿಟ್ಟಳು.

"ಸ್ಟೇಷನ್ನಲ್ಲಿ ಏನಂತ ಬರಸ್ಲಿ ಅಮ್ಮಾರೆ? ನನ್ ಮಗಳ ಸೆರಗು ಬಿಚ್ಚಿಸಿದ್ರು ಅಂತ್ಲಾ? ಅದನ್ನ ಓದೋರು ಎಷ್ಟ್ ಜನ? ಕೋರ್ಟಲ್ಲಿ ನನ್ ಮಗಳ ನಿಲ್ಸಿ, ಎಂಗೆ ಬಿಚ್ದೆ, ಎಲ್ಲಿ ತಂಕ ಬಿಚ್ದೆ ಅಂತ ಕೇಳೋರು ಎಷ್ಟ್ ಜನ?"

ಹಾಗೆಯೇ ಕೇಳುತ್ತಾರೆ ಎಂದು ನನಗೆ ಗೊತ್ತಿತ್ತು. ಹೇಗೆ ಕೇಳಬೇಕೆಂದು ನಮಗೆ ಕಲಿಸುತ್ತಿದ್ದರು.

"ಅಳಿಯ ಚಿತ್ತೇಶ ಫೋನ್ ಮಾಡಿದ್ದ. ಅತ್ತೆ ಕೇಳಿದ್ಲಂತೆ, ಯಾಕೆ ಬರಿ ಮಡ್ಲಲ್ಲಿ ಬಂದೆ ಅಂತ. ದಾರೀಲಿ ಬಸ್ಸಲ್ಲಿ ಮರ್ತೆ ಅಂದವ್ಳೆ ನನ್ ಮಗಳು. ನಾನು ಕಳ್ಳಿ ಆದ್ರೆ ಆಗ್ಲಿ, ನಂಗೆ ಇನ್ನೇನು ಮದ್ವೆ ಆಗ್ಬೇಕಾ. ಆ ಹುಡುಗಿ ಹೆಸ್ರು ಎಲ್ಲೂ ಬರ್ಬಾರ್ದು."

ನಾನು ಬ್ಯಾಗಿನಿಂದ ಗಿಟುಕು, ಅಕ್ಕಿ, ಬೆಲ್ಲದ ಪೊಟ್ಟಣ ತೆಗೆದೆ. "ಇದನ್ನಾದ್ರೂ ತಗೊ. ಹೆರಿಗೆಗೆ ಬಂದಾಗ ನಾನೇ ಬಂದು..."

"ಒಂದು ಸತಿ ಬಿಚ್ಚಿದ್ನ ಇನ್ನೊಂದು ಸತಿ ತುಂಬಾಕೆ ಬರಾಕಿಲ್ಲ ಅಮ್ಮಾರೆ. ಗೊತ್ತಿದ್ದೂ ತಂದಿದ್ದೀರಿ." ಅವಳ ಮಾತಿನಲ್ಲಿ ಸಿಟ್ಟೂ ಇರಲಿಲ್ಲ. "ನೀವು ಒಳ್ಳೇರು. ಕಾನೂನು ಕಲೀರಿ, ಚೆನ್ನಾಗಿ ಕಲೀರಿ. ನಮ್ಮ ಮ್ಯಾಲೆ ಕಲೀಬ್ಯಾಡಿ."

ಅವಳು ಮತ್ತೆ ಮುಳ್ಳು ಎತ್ತಿಕೊಂಡಳು.

ಮರುದಿನ ಬೆಳಿಗ್ಗೆ ಬಸ್ ಸ್ಟಾಪಿನಲ್ಲಿ ಜನ ತುಂಬಿತ್ತು. ಕೊಲ್ಲಾಪುರಮ್ಮ ಅಂಗಡಿಯೊಳಗಿಂದಲೇ, "ನಾಗಕ್ಕ ಒಪ್ಕಂಡ್ಲಂತಲ್ಲಮ್ಮಾ" ಎಂದಳು. ನಾನು ಅದಕ್ಕೇ ಕಾದಿದ್ದೆ. ರಾತ್ರಿಯೆಲ್ಲ ಅದನ್ನೇ ಗಟ್ಟಿ ಮಾಡಿಕೊಂಡಿದ್ದೆ.

"ಅವಳು ಕದ್ದಿಲ್ಲ" ಎಂದೆ, ಎಲ್ಲರಿಗೂ ಕೇಳುವಂತೆ. "ಆ ಮಡಿಲು ತುಂಬಿದ್ದು ನಾನು. ಗಂಟು ಹಾಕಿದ್ದೂ ನಾನು. ಬಿಚ್ಚಿಸಿದ್ದು ನನ್ನ ಗಂಡ. ತಪ್ಪು ನಮ್ಮ ಮನೇದು."

ಕೊಲ್ಲಾಪುರಮ್ಮನ ಮುಖ ಕರಗಿತು.

"ಎಂಥಾ ಮನ್ಸಮ್ಮಾ ನಿಮ್ದು! ಕದ್ದೋಳೇ ಕದ್ದೆ ಅಂತ ಕೈ ಮುಗಿದವ್ಳೆ. ಇವ್ರು ನೋಡಿದ್ರೆ ಅವಳ ಮಾನ ಉಳ್ಸಾಕೆ ಸುಳ್ಳು ಹೇಳ್ತಾವ್ರೆ."

"ಸುಳ್ಳಲ್ಲ ಕಣಮ್ಮ, ನಿಜ."

"ಹೂಂ ತಾಯಿ, ಹೂಂ" ಎಂದಳು ಅವಳು, ಹಟ ಮಾಡುವ ಮಗುವಿಗೆ ಹೇಳುವಂತೆ. ಬಸ್ಸು ಬಂತು. ಯಾರೋ ಒಬ್ಬ ಮುದುಕಿ, "ಲಾಯರಮ್ಮಂಗೆ ಜಾಗ ಬುಡ್ರಿ" ಎಂದು ಎದ್ದು ನಿಂತಳು.

ಸುಮ್ಮನಾಗಬಾರದು ಎಂದು ನಾನು ಇನ್ನೂ ಹಲವರಿಗೆ ಹೇಳಿದೆ. ಗಿರಣಿಯ ಹತ್ತಿರ ಹೇಳಿದೆ. ಸಂಘದ ಹೆಂಗಸರಿಗೆ ಹೇಳಿದೆ. ಎಲ್ಲರೂ ತಲೆದೂಗಿದರು. ಮಲ್ಲೇಶ್ ಮೊದಲು ಹಲ್ಲು ಕಚ್ಚಿದರು, ಆಮೇಲೆ ಯಾಕೋ ಸುಮ್ಮನಾದರು. ಯಾಕೆ ಎಂದು ತಿಳಿಯಲು ನನಗೆ ಸ್ವಲ್ಪ ಸಮಯ ಬೇಕಾಯಿತು.

ಹಬ್ಬ ಕಳೆದು ಕೊಬ್ಬರಿ ಒಡೆಯುವ ಕೆಲಸ ಎಲ್ಲ ಕಡೆ ಶುರುವಾಗಿತ್ತು. ಒಂದು ದಿನ ತಿಪಟೂರಿನಿಂದ ವಾಪಸು ಬರುವ ಬಸ್ಸಿನಲ್ಲಿ ನನ್ನ ಹಿಂದಿನ ಸೀಟಿನಲ್ಲಿ ಇಬ್ಬರು ಹೆಂಗಸರು ಮಾತಾಡಿಕೊಳ್ಳುತ್ತಿದ್ದರು. ನಮ್ಮೂರವರಲ್ಲ, ನನ್ನ ಗುರುತು ಅವರಿಗೆ ಇರಲಿಲ್ಲ.

"ಆಳು ಸಿಕ್ತಿಲ್ಲ ಕಣೇ ಲಕ್ಷ್ಮಕ್ಕ. ಹೊನ್ನವಳ್ಳಿ ಹಟ್ಟೀಲಿ ನಾಗಕ್ಕ ಅಂತ ಒಬ್ಳವ್ಳೆ, ಗಿಟುಕು ಒಂದೂ ಸೀಳಲ್ವಂತೆ. ಕರೀಲಾ?"

"ಅಯ್ಯೋ ಬ್ಯಾಡ ಕಣೇ. ಅವಳ ಸುದ್ದಿ ಕೇಳಿಲ್ವಾ? ಆ ಮನೆ ಅಮ್ಮ ದೇವ್ರಂಥೋಳಂತೆ. ಇವಳು ಸಿಕ್ಕಿಬಿದ್ಮೇಲೂ 'ನಾನೇ ಕೊಟ್ಟೆ' ಅಂತ ಊರ್ತುಂಬ ಹೇಳ್ಕಂಡು ಬಂದ್ಲಂತೆ, ಪಾಪ. ಅಂಥಾ ತಾಯಿ ಮನೇಲೇ ಕದ್ದೋಳು, ನಮ್ಮನೇಲಿ ಬುಡ್ತಾಳಾ?"

ನಾನು ತಿರುಗಿದೆ. ಇಬ್ಬರೂ ನನ್ನ ಮುಖ ನೋಡಿದರು, ಏನೋ ಕೇಳುತ್ತಾಳೆ ಎಂದು ಕಾದರು. ಆ ಅಮ್ಮ ನಾನೇ, ಅವಳು ಕದ್ದಿಲ್ಲ ಎನ್ನಲು ಬಾಯಿ ತೆರೆದೆ. ಅದನ್ನು ಅಂದ ಕೂಡಲೇ ಅವರ ಮುಖ ಹೇಗೆ ಕರಗುತ್ತದೆ ಎಂಬುದು ನನಗೆ ಗೊತ್ತಿತ್ತು. ನಾನು ಇನ್ನೊಂದು ಗೇಣು ಒಳ್ಳೆಯವಳಾಗುತ್ತೇನೆ. ಅಷ್ಟೇ ಗೇಣು ನಾಗಕ್ಕ ಕೆಳಗೆ ಇಳಿಯುತ್ತಾಳೆ.

"ಏನಮ್ಮಾ?" ಎಂದಳು ಲಕ್ಷ್ಮಕ್ಕ.

"ಏನಿಲ್ಲ" ಎಂದೆ.